ಕಡಲಿನತ್ತ ತಿರುಗಿದ ಅರಸು: ಟಿಪ್ಪು ಸುಲ್ತಾನನ ಯುದ್ಧಕಾಲದ ನೌಕಾಯತ್ನ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ಚಾಮರಾಜಪೇಟೆಯತ್ತ ಹೋಗುವ ದಾರಿಯಲ್ಲಿ, ಹಳೆಯ ಕೋಟೆಯ ಆವರಣಕ್ಕೆ ಸೇರಿದ್ದ ಭೂಮಿಯಲ್ಲಿ, ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಹೈದರಾಲಿಯ ಕಾಲದಲ್ಲಿ 1781ರಲ್ಲಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ 1791ರಲ್ಲಿ ಮುಗಿದ ಈ ಎರಡಂತಸ್ತಿನ ಕಟ್ಟಡದ ಕಂಬ, ಕಮಾನು, ಮೊಗಸಾಲೆಗಳಿಗೆ ಆಧಾರ ತೇಗದ ಮರ. ಅದೇ ತೇಗದಿಂದ ಯುದ್ಧನೌಕೆಗಳನ್ನು ಕಟ್ಟಿಸಲು ಇದೇ ಅರಸು ಆಜ್ಞೆ ಹೊರಡಿಸಿದ್ದನೆಂಬುದು ಮೈಸೂರಿನ ಇತಿಹಾಸವನ್ನು ಬಲ್ಲವರಿಗೂ ಥಟ್ಟನೆ ನೆನಪಿಗೆ ಬರುವ ಸಂಗತಿಯಲ್ಲ. ಲಾವಣಿ ಮತ್ತು ನಾಟಕಗಳು ಕಟ್ಟಿಕೊಟ್ಟಿರುವ ಟಿಪ್ಪು ಕುದುರೆಯ ಮೇಲಿನ ವೀರ, ಶ್ರೀರಂಗಪಟ್ಟಣದ ಕೋಟೆಬಾಗಿಲಲ್ಲಿ ಮಡಿದ ಯೋಧ. ಚರಿತ್ರೆಕಾರರ ಗಮನವೂ ಬಹುಮಟ್ಟಿಗೆ ಅವನ ಭೂಯುದ್ಧ, ಕಂದಾಯ ವ್ಯವಸ್ಥೆ ಮತ್ತು ಧಾರ್ಮಿಕ ನೀತಿಯ ಸುತ್ತಲೇ ನಿಂತಿದೆ.

ಟಿಪ್ಪುವಿನ ಬದುಕನ್ನು ಕಡಲಿನ ಕಡೆಯಿಂದ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಟಿಪ್ಪು ಹಡಗಿನ ಮೇಲೆ ನಿಂತು ಯುದ್ಧ ಮಾಡಿದವನಲ್ಲ. ಆದರೆ ಹದಿಹರೆಯದಿಂದ ಕೊನೆಯ ದಿನಗಳವರೆಗೆ ಅವನ ಯುದ್ಧಗಳ ಗತಿಯನ್ನು ಮತ್ತೆ ಮತ್ತೆ ನಿರ್ಧರಿಸಿದ್ದು ಸಮುದ್ರ. ಆ ಸತ್ಯವನ್ನು ಅವನು ಸಮಕಾಲೀನ ದೇಶೀಯ ಅರಸರಲ್ಲಿ ಬಹುತೇಕರಿಗಿಂತ ಸ್ಪಷ್ಟವಾಗಿ ಅರಿತಿದ್ದನು. ಅರಿತೂ ಏಕೆ ನೌಕಾಬಲವನ್ನು ಕಟ್ಟಲಾಗಲಿಲ್ಲ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

1. ಬಾಲ್ಯ ಮತ್ತು ಮಂಗಳೂರಿನ ಮೊದಲ ಪಾಠ

ಟಿಪ್ಪು 1750ರಲ್ಲಿ ಬೆಂಗಳೂರಿಗೆ ಸಮೀಪದ ದೇವನಹಳ್ಳಿಯಲ್ಲಿ ಜನಿಸಿದನು. ಅವನು ಹುಟ್ಟಿದ ಸೀಮೆಯಿಂದ ಕಡಲು ಬಹು ದೂರ. ಅಂದಿನ ಮೈಸೂರು ಸಂಸ್ಥಾನಕ್ಕೂ ಕರಾವಳಿಗೂ ನೇರ ಸಂಬಂಧವಿರಲಿಲ್ಲ. ಘಟ್ಟದ ಕೆಳಗಿನ ಬಂದರುಗಳು ಕೆಳದಿ ಅರಸರ ವಶದಲ್ಲಿದ್ದವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಈ ಸ್ಥಿತಿ ಬದಲಾಯಿತು. ಮಂಗಳೂರು, ಹೊನ್ನಾವರ, ಭಟ್ಕಳ ಮೊದಲಾದ ಬಂದರುಗಳು ಮೈಸೂರಿಗೆ ಸೇರಿದವು. ಬಂದರಿನೊಡನೆ ಅಕ್ಕಿ, ಮೆಣಸು, ಗಂಧದ ವ್ಯಾಪಾರವೂ, ಅದರ ಮೇಲೆ ಕಣ್ಣಿಟ್ಟ ಪೋರ್ಚುಗೀಸರ ಮತ್ತು ಇಂಗ್ಲಿಷರ ಹಡಗುಗಳೂ ಮೈಸೂರಿನ ಪಾಲಿಗೆ ಬಂದವು.

ಹೈದರನು ಕೂಡಲೇ ಒಂದು ನೌಕಾಪಡೆಯನ್ನು ಕೂಡಿಸಿದನು. ಅದರ ಮೇಲ್ವಿಚಾರಣೆಯನ್ನು ಮೊದಲು ಕಣ್ಣಾನೂರಿನ ಅಲಿರಾಜನಿಗೆ ಒಪ್ಪಿಸಿದನು. ಅಲಿರಾಜನು ಮಾಲ್ದೀವಿನ ಮೇಲೆ ದಂಡೆತ್ತಿ ಹೋಗಿ ಅಲ್ಲಿನ ಸುಲ್ತಾನನನ್ನು ಸೆರೆಹಿಡಿದು ಅವನ ಕಣ್ಣು ಕೀಳಿಸಿದ್ದರಿಂದ ಹೈದರನು ಕುಪಿತನಾಗಿ ಆ ಅಧಿಕಾರವನ್ನು ಹಿಂದಕ್ಕೆ ಪಡೆದನೆಂದು ಇತಿಹಾಸಕಾರರು ದಾಖಲಿಸುತ್ತಾರೆ. ಮುಂದೆ ಹಡಗುಗಳ ಮೇಲೆ ಅಶ್ವದಳದ ಅಧಿಕಾರಿಯೊಬ್ಬನನ್ನು ನೇಮಿಸಲಾಯಿತು. ಕುದುರೆ ಸವಾರಿಯಲ್ಲಿ ಪಳಗಿದವನು ಕಡಲಿನ ಕಪ್ತಾನರಿಗೆ ಅಪ್ಪಣೆ ಕೊಡುವುದು ಅವರಿಗೆ ಸಹನೆಯಾಗಲಿಲ್ಲ. 1768ರ ಆರಂಭದಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಪಡೆ ಹೊನ್ನಾವರ ಮತ್ತು ಮಂಗಳೂರುಗಳ ಮೇಲೆ ಎರಗಿದಾಗ ಹೈದರನ ಹಡಗುಗಳಲ್ಲಿ ಹಲವು ಗುಂಡು ಹಾರಿಸದೆ ಶತ್ರುವಿನ ಕಡೆಗೆ ಸೇರಿಕೊಂಡವು.

ಮಂಗಳೂರನ್ನು ಮರಳಿ ಪಡೆಯುವ ಕಾರ್ಯಕ್ಕೆ ಮುಂದಾಗಿ ಹೋದವನು ಹದಿನೇಳು ವಯಸ್ಸಿನ ಟಿಪ್ಪು. ಅದಕ್ಕೆ ಹಿಂದಿನ ವರ್ಷವಷ್ಟೇ ಅವನು ಮದರಾಸಿನ ಹೊರವಲಯದವರೆಗೆ ದಾಳಿ ನಡೆಸಿ ಬಂದಿದ್ದನು. 1768ರ ಮೇ ತಿಂಗಳಲ್ಲಿ ಮಂಗಳೂರು ಮೈಸೂರಿನ ವಶವಾಯಿತು. ಇಂಗ್ಲಿಷರು ಗಾಯಾಳುಗಳನ್ನೂ ತೋಪುಗಳನ್ನೂ ದಡದಲ್ಲೇ ಬಿಟ್ಟು ಹಡಗು ಹತ್ತಿದರು. ಈ ಗೆಲುವಿನಲ್ಲಿ ಅಡಗಿದ್ದ ಕೊರತೆಯನ್ನು ಗಮನಿಸಬೇಕು. ಸೋತ ಶತ್ರು ಹಡಗು ಹತ್ತಿದ ಮೇಲೆ ಗೆದ್ದವನಿಗೆ ಅವನನ್ನು ಬೆನ್ನಟ್ಟುವ ಸಾಧನವಿರಲಿಲ್ಲ. ನೆಲದಲ್ಲಿ ಎಷ್ಟು ಸಲ ಸೋಲಿಸಿದರೂ ಕಡಲಿನ ದಾರಿ ತೆರೆದಿರುವವರೆಗೆ ಅವನು ಮತ್ತೆ ಬರಬಲ್ಲನು.

2. ಹಡಗುಗಳನ್ನು ಕಂಡ ಯುವರಾಜ

1769ರ ಮದರಾಸು ಒಪ್ಪಂದದ ನಂತರ ಹೈದರನು ನೌಕಾನಿರ್ಮಾಣವನ್ನು ಮತ್ತೆ ಕೈಗೆತ್ತಿಕೊಂಡನು. ಹೊನ್ನಾವರದಲ್ಲಿ ಯುದ್ಧನೌಕೆಗಳನ್ನು ಕಟ್ಟುವ ನೆಲೆ ಸಿದ್ಧವಾಯಿತು. 1778ರ ಸುಮಾರಿಗೆ ಭಟ್ಕಳದಲ್ಲಿ ಡಚ್ ತಂತ್ರಜ್ಞನೊಬ್ಬನ ನೆರವಿನಿಂದ ಕೆಲಸ ನಡೆಯಿತು. ಆದರೆ ಎರಡನೆಯ ಆಂಗ್ಲ-ಮೈಸೂರು ಯುದ್ಧ ಆರಂಭವಾದ ವರ್ಷವೇ, 1780ರ ಡಿಸೆಂಬರಿನಲ್ಲಿ, ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ನುಗ್ಗಿ ಅಲ್ಲಿ ಲಂಗರು ಹಾಕಿದ್ದ ಮೈಸೂರಿನ ಹಡಗುಗಳನ್ನು ನಾಶಪಡಿಸಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ ಮತ್ತು ಟಿಪ್ಪು ಕರ್ನಲ್ ಬೇಲಿಯ ಸೇನೆಯನ್ನು ಸಂಪೂರ್ಣವಾಗಿ ಸೋಲಿಸಿದ್ದರು. ಪೂರ್ವದಲ್ಲಿ ಕಂಪನಿಯ ಸೈನ್ಯಕ್ಕೆ ಒದಗಿದ ದೊಡ್ಡ ಸೋಲು, ಪಶ್ಚಿಮದಲ್ಲಿ ಮೈಸೂರಿನ ನೌಕೆಗಳಿಗೆ ಒದಗಿದ ನಾಶ, ಇವೆರಡೂ ಮೂರೇ ತಿಂಗಳ ಅಂತರದಲ್ಲಿ ನಡೆದವು. ಒಂದೇ ರಾಜ್ಯದ ಬಲ ಮತ್ತು ದೌರ್ಬಲ್ಯವನ್ನು ಇಷ್ಟು ಸಮೀಪದಲ್ಲಿಟ್ಟು ತೋರಿಸುವ ಬೇರೆ ನಿದರ್ಶನ ವಿರಳ.

1782ರಲ್ಲಿ ಟಿಪ್ಪುವಿಗೆ ಕಡಲಿನ ಯುದ್ಧದ ಮತ್ತೊಂದು ಮುಖ ಪರಿಚಯವಾಯಿತು. ಫೆಬ್ರವರಿಯಲ್ಲಿ ಅವನು ತಂಜಾವೂರು ಸೀಮೆಯಲ್ಲಿ ಕರ್ನಲ್ ಬ್ರೇಥ್‌ವೇಟನ ಪಡೆಯನ್ನು ಸೋಲಿಸಿದನು. ಅದರ ಬೆನ್ನಿಗೇ ಸುಫ್ರೆನನ ನೇತೃತ್ವದ ಫ್ರೆಂಚ್ ನೌಕಾಪಡೆ ಪರಂಗಿಪೇಟೆಯಲ್ಲಿ ಸೈನಿಕರನ್ನು ಇಳಿಸಿತು. ಮೈಸೂರಿನವರೂ ಫ್ರೆಂಚರೂ ಕೂಡಿ ಏಪ್ರಿಲಿನಲ್ಲಿ ಕಡಲೂರನ್ನು ಹಿಡಿದರು. ಜುಲೈಯಲ್ಲಿ ಹೈದರನು ಕಡಲೂರಿನ ಸಮೀಪದಲ್ಲಿ ಸುಫ್ರೆನನನ್ನು ಭೇಟಿಯಾದನು. ಸುಫ್ರೆನ್ ಮತ್ತು ಹ್ಯೂಸ್ ಆ ಎರಡು ವರ್ಷಗಳಲ್ಲಿ ಕೋರಮಂಡಲ ಮತ್ತು ಸಿಂಹಳದ ತೀರದಲ್ಲಿ ಐದು ಸಲ ಕಾದಾಡಿದರು. ಯಾರೂ ನಿರ್ಣಾಯಕವಾಗಿ ಗೆಲ್ಲಲಿಲ್ಲ. ಆದರೆ ಸುಫ್ರೆನನ ಹಡಗುಗಳು ಕಡಲಿನಲ್ಲಿದ್ದಷ್ಟು ಕಾಲ ಕಂಪನಿಯ ಸೇನೆ ಅಳುಕಿನಿಂದಲೇ ಹೆಜ್ಜೆ ಇಡಬೇಕಾಯಿತು. ನೌಕಾಬಲವು ಭೂಸೇನೆಯ ಪಕ್ಕದಲ್ಲಿ ನಿಂತರೆ ಏನಾಗಬಹುದೆಂಬುದನ್ನು ಯುವರಾಜನು ಅರಿಯಲು ಇದು ಸಾಕಾಗಿತ್ತು.

1782ರ ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಸಮೀಪ ತೀರಿಕೊಂಡಾಗ ಟಿಪ್ಪು ಮಲಬಾರಿನಲ್ಲಿ ಇಂಗ್ಲಿಷರೊಡನೆ ಹೋರಾಟದಲ್ಲಿದ್ದನು. ಅವನು ಪೂರ್ವಕ್ಕೆ ಧಾವಿಸಿ ಅಧಿಕಾರ ವಹಿಸಿಕೊಂಡನು.

3. ಮಂಗಳೂರಿನ ಮುತ್ತಿಗೆ

ಅಧಿಕಾರಕ್ಕೆ ಬಂದ ಹೊಸತರಲ್ಲೇ ಕರಾವಳಿಯ ಕಡೆಯಿಂದ ಪೆಟ್ಟು ಬಿತ್ತು. ಜನರಲ್ ಮ್ಯಾಥ್ಯೂಸ್ ಮುಂಬಯಿ ಸೈನ್ಯದೊಡನೆ ಕಡಲಿನಿಂದ ಇಳಿದು 1783ರ ಜನವರಿಯಲ್ಲಿ ಹೊನ್ನಾವರವನ್ನು ಗೆದ್ದನು. ಬಿದನೂರಿನ ಅಧಿಕಾರಿ ಕೋಟೆಯನ್ನು ಒಪ್ಪಿಸಿಬಿಟ್ಟನು. ಮಾರ್ಚಿಯಲ್ಲಿ ಮಂಗಳೂರೂ ಹೋಯಿತು. ಟಿಪ್ಪು ಕೋರಮಂಡಲದಿಂದ ಹಿಂತಿರುಗಿ ಬಿದನೂರನ್ನು ಮರಳಿ ಪಡೆದು ಮೇ ತಿಂಗಳಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದನು.

ಕರ್ನಲ್ ಕ್ಯಾಂಬೆಲನ ಅಧೀನದಲ್ಲಿದ್ದ ಕೋಟೆ ಮುಂದಿನ ಜನವರಿಯವರೆಗೆ ನಿಂತಿತು. ಮಳೆಗಾಲದ ನಾಲ್ಕು ತಿಂಗಳು ಕರಾವಳಿಯಲ್ಲಿ ಹಡಗುಗಳ ಸಂಚಾರ ನಿಂತುಹೋಗುವುದರಿಂದ ಮುತ್ತಿಗೆ ಹಾಕಿದವನಿಗೆ ಅದು ಅನುಕೂಲದ ಕಾಲ. ಆದರೆ ಅದೇ ಮಳೆ ಅವನ ಕಂದಕಗಳನ್ನು ತುಂಬಿಸಿ, ಸೈನಿಕರನ್ನು ಜ್ವರಕ್ಕೆ ಒಪ್ಪಿಸಿತು. ಜುಲೈಯಲ್ಲಿ ಯೂರೋಪಿನಲ್ಲಿ ಆಂಗ್ಲ-ಫ್ರೆಂಚ್ ಶಾಂತಿಯಾದ ಸುದ್ದಿ ಬಂದು, ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ತುಕಡಿ ಯುದ್ಧದಿಂದ ಹಿಂದೆ ಸರಿಯಿತು. ಆಗಸ್ಟಿನಲ್ಲಿ ತಾತ್ಕಾಲಿಕ ಕದನವಿರಾಮವಾಯಿತು. ಮಳೆಗಾಲ ಮುಗಿದೊಡನೆ ನವೆಂಬರಿನಲ್ಲಿ ಜನರಲ್ ಮ್ಯಾಕ್ಲಿಯಡ್ ಹಡಗುಗಳೊಡನೆ ಬಂದರಿನ ಮುಂದೆ ಕಾಣಿಸಿಕೊಂಡನು. ಕೋಟೆಗೆ ಕಡಲಿನಿಂದ ಎಷ್ಟು ಆಹಾರ ಸಲ್ಲಬೇಕು ಎಂಬುದರ ಮೇಲೆ ಮಾತುಕತೆ ನಡೆಯಿತೇ ಹೊರತು, ಆ ಹಡಗುಗಳನ್ನು ತಡೆಯುವ ಶಕ್ತಿ ಮೈಸೂರಿಗೆ ಇರಲಿಲ್ಲ. ಹಸಿವು ಮತ್ತು ರೋಗದಿಂದ ಬಳಲಿದ ಕೋಟೆ 1784ರ ಜನವರಿ 30ರಂದು ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿಯಾಯಿತು. ಸೋತ ಅರಸನಂತೆ ಅಲ್ಲದೆ ಸಮಾನನಂತೆ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ ಗೌರವ ಟಿಪ್ಪುವಿಗೆ ದೊರೆಯಿತು. ಅದಕ್ಕೆ ತೆತ್ತ ಬೆಲೆ ಒಂದು ಬಂದರಿನ ಕೋಟೆಯ ಮುಂದೆ ಕಳೆದ ಎಂಟು ತಿಂಗಳಿಗೂ ಮಿಕ್ಕಿದ ಕಾಲ.

ಈ ಗೆಲುವಿನ ಬೆನ್ನಿಗೆ ಟಿಪ್ಪು ಕೈಗೊಂಡ ಕ್ರಮಗಳು ಅವನ ಮುಂದಿನ ನೌಕಾಯೋಜನೆಯ ದೃಷ್ಟಿಯಿಂದ ಅತ್ಯಂತ ಮಹತ್ವದವು. ಶತ್ರುವಿಗೆ ಮತ್ತೆ ಆಸರೆಯಾಗಬಾರದೆಂದು ಅವನು ಮಂಗಳೂರಿನ ಕೋಟೆಯನ್ನು ಕೆಡವಿಸಿದನು. ಒಪ್ಪಂದದ ಮೂಲಕ ಮರಳಿ ಬಂದ ಹೊನ್ನಾವರದ ಪಟ್ಟಣವೂ ನಾಶವಾಯಿತೆಂದು, ಟಿಪ್ಪು ಮಡಿದ ಎರಡು ವರ್ಷಗಳೊಳಗೆ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ತಂದೆ ಯುದ್ಧನೌಕೆ ಕಟ್ಟಿಸಿದ್ದ ಪಟ್ಟಣವದು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರ ಫೆಬ್ರವರಿಯಲ್ಲಿ ಕೆನರಾದ ಕ್ಯಾಥೊಲಿಕ್ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಘಟನೆಯ ಬಗ್ಗೆ ಇಲ್ಲ. ಹಲವರು ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಈ ನೋವನ್ನು ಯಾವ ರಾಜಕೀಯ ಕಾರಣವೂ ಮರೆಮಾಚಲಾರದು. ನಮ್ಮ ವಿಷಯಕ್ಕೆ ಸಂಬಂಧಿಸಿ ಹೇಳಬೇಕಾದದ್ದು ಇಷ್ಟು: ಮುಂದೆ ಯಾವ ದಂಡೆಯಿಂದ ಹಡಗುಗಳನ್ನು ಇಳಿಸಬೇಕಾಗಿತ್ತೋ ಆ ದಂಡೆಯ ಕೋಟೆ, ಪಟ್ಟಣ ಮತ್ತು ಜನಸಮುದಾಯಗಳ ಒಂದು ಭಾಗವನ್ನು ಅರಸನು ತನ್ನ ಕೈಯಿಂದಲೇ ಕಳೆದುಕೊಂಡನು.

4. ತದಡಿಯಿಂದ ಹೊರಟ ನಾಲ್ಕು ಹಡಗುಗಳು

ಶಾಂತಿಕಾಲದಲ್ಲಿ ಟಿಪ್ಪುವಿನ ಸಮುದ್ರಚಿಂತನೆ ವ್ಯಾಪಾರ ಮತ್ತು ರಾಯಭಾರದ ರೂಪ ತಾಳಿತು. 1786ರ ಮಾರ್ಚಿಯಲ್ಲಿ ಕುಮಟಾ ಸೀಮೆಯ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುಲಾಂ ಅಲಿ ಖಾನನ ಮುಖಂಡತ್ವದ ರಾಯಭಾರ ಮಸ್ಕತ್, ಬಸ್ರಾಗಳ ಮೂಲಕ ತುರ್ಕಿಯ ಸುಲ್ತಾನನ ರಾಜಧಾನಿಗೆ ಹೋಗಬೇಕಾಗಿತ್ತು. ಹಡಗುಗಳಲ್ಲಿ ಸುಮಾರು ಒಂಬೈನೂರು ಜನರೂ ಮೈಸೂರಿನ ಮೆಣಸು, ಗಂಧ, ಬಟ್ಟೆ ಮೊದಲಾದ ಸರಕೂ ಇದ್ದವು. ಈ ಪ್ರಯಾಣದ ದಿನಚರಿಯನ್ನು ರಾಯಭಾರದಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಫಾರಸಿಯಲ್ಲಿ ಬರೆದಿಟ್ಟನು. ಮೊಹಿಬ್ಬುಲ್ ಹಸನ್ ಅದನ್ನು ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು.

ರಾಯಭಾರದ ಬೇಡಿಕೆಗಳಲ್ಲಿ ಒಂದು ವಿಶೇಷ ಗಮನಕ್ಕೆ ಅರ್ಹವಾಗಿದೆ. ಬಸ್ರಾ ಬಂದರನ್ನು ತನಗೆ ಗುತ್ತಿಗೆಗೆ ಕೊಡಬೇಕೆಂದೂ, ಪ್ರತಿಯಾಗಿ ಮಂಗಳೂರಿನಲ್ಲಿ ತುರ್ಕಿಯವರಿಗೆ ಸೌಲಭ್ಯ ನೀಡುವುದಾಗಿಯೂ ಟಿಪ್ಪು ಸೂಚಿಸಿದ್ದನು. ಯೂರೋಪಿಯನ್ ಕಂಪನಿಗಳು ಭಾರತದ ದಂಡೆಯಲ್ಲಿ ಕೋಠಿ ಹಾಕಿ ಬೆಳೆದ ಕ್ರಮವನ್ನು ಅರಬ್ಬೀ ಸಮುದ್ರದ ಆಚೆಯ ದಂಡೆಯಲ್ಲಿ ತಾನೂ ಅನುಸರಿಸಬೇಕೆಂಬ ಆಲೋಚನೆ ಇದರಲ್ಲಿದೆ. ಮಸ್ಕತ್‌ನಲ್ಲಿ ಮೈಸೂರಿನ ಕೋಠಿ ನಿಜವಾಗಿಯೂ ನಡೆಯುತ್ತಿತ್ತು. ಆದರೆ ಬಸ್ರಾದ ಬೇಡಿಕೆ ಈಡೇರಲಿಲ್ಲ. ಹಡಗುಗಳು ಬಿರುಗಾಳಿಗೂ ಬೆಂಕಿಗೂ ಸಿಕ್ಕವು. ಹೋದವರಲ್ಲಿ ಬಹುಪಾಲು ಜನ ತಾಯ್ನಾಡಿಗೆ ಮರಳಲಿಲ್ಲ. ಉಳಿದವರು ಹಿಂತಿರುಗುವ ವೇಳೆಗೆ ಮೂರನೆಯ ಯುದ್ಧ ಬಾಗಿಲಿಗೆ ಬಂದಿತ್ತು. 1787ರಲ್ಲಿ ಫ್ರಾನ್ಸಿಗೆ ಹೊರಟ ಮತ್ತೊಂದು ರಾಯಭಾರ ಪುದುಚೇರಿಯಿಂದ ಫ್ರೆಂಚ್ ಹಡಗಿನಲ್ಲೇ ಪ್ರಯಾಣ ಮಾಡಿತು. 1788ರ ಆಗಸ್ಟಿನಲ್ಲಿ ಹದಿನಾರನೆಯ ಲೂಯಿ ಆ ಮೂವರು ರಾಯಭಾರಿಗಳನ್ನು ಗೌರವದಿಂದ ಬರಮಾಡಿಕೊಂಡನು. ಆದರೆ ಸೈನ್ಯದ ನೆರವಿನ ಭರವಸೆ ಸಿಗಲಿಲ್ಲ. ರಾಯಭಾರಿಗಳು ಕುಶಲಕರ್ಮಿಗಳನ್ನೂ ಬೀಜ ಸಸಿಗಳನ್ನೂ ತಂದರು.

ಈ ಸಮುದ್ರಸಂಪರ್ಕದ ಸೌಮ್ಯ ಫಲಗಳು ಬೆಂಗಳೂರಿಗೂ ದಕ್ಕಿದವು. ಬಸವನಗುಡಿಯ ಮಗ್ಗುಲಿನ ಲಾಲ್‌ಬಾಗ್ 1760ರಲ್ಲಿ ಹೈದರನಿಂದ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ವಿಸ್ತಾರಗೊಂಡಿತು. ಮಾರಿಷಸ್, ಪರ್ಷಿಯ, ತುರ್ಕಿ ಮೊದಲಾದ ದೂರದೇಶಗಳಿಂದ ಅಲ್ಲಿಗೆ ಸಸ್ಯಗಳು ಬಂದವು. ರೇಷ್ಮೆಯ ಹುಳುವನ್ನು ಮಸ್ಕತ್‌ನಿಂದ ತರಿಸುವ ಬಗ್ಗೆ ಟಿಪ್ಪು ತನ್ನ ಅಧಿಕಾರಿಗಳಿಗೆ ಬರೆದ ಪತ್ರ ಉಳಿದಿದೆ. ಯುದ್ಧನೌಕೆಗಳು ಸಾಧಿಸಲಾಗದ್ದನ್ನು ಸರಕಿನ ಹಡಗುಗಳು ಒಂದಷ್ಟು ಸಾಧಿಸಿದವು ಎನ್ನಬಹುದು.

5. ಸೋಲು ಮತ್ತು 1796ರ ಆಜ್ಞೆ

1790ರಲ್ಲಿ ಮೂರನೆಯ ಯುದ್ಧ ಆರಂಭವಾಯಿತು. ಪಶ್ಚಿಮದಲ್ಲಿ ಜನರಲ್ ಅಬರ್‌ಕ್ರೋಂಬಿ ಮುಂಬಯಿ ಸೈನ್ಯವನ್ನು ಹಡಗಿನಲ್ಲಿ ತಂದಿಳಿಸಿ ಆ ವರ್ಷದ ಡಿಸೆಂಬರಿನಲ್ಲಿ ಕಣ್ಣಾನೂರನ್ನು ಹಿಡಿದನು. ಪೂರ್ವದಿಂದ ಬಂದ ಕಾರ್ನ್‌ವಾಲಿಸ್ 1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಭೇದಿಸಿದನು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದನು. ಬೇಸಿಗೆ ಅರಮನೆಯ ಕೆಲಸ ಮುಗಿದ ವರ್ಷವೇ ಕೋಟೆ ಶತ್ರುವಿನ ಪಾಲಾಯಿತು. 1792ರ ಮಾರ್ಚಿಯ ಶ್ರೀರಂಗಪಟ್ಟಣ ಒಪ್ಪಂದದಿಂದ ರಾಜ್ಯದ ಅರ್ಧಭಾಗ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಇಬ್ಬರು ರಾಜಕುಮಾರರು ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು. ಮಲಬಾರಿನ ಬಂದರುಗಳು ಕಂಪನಿಗೆ ಸೇರಿ, ಮೈಸೂರಿಗೆ ಉಳಿದ ಕಡಲತೀರ ಕೆನರಾ ಮಾತ್ರ.

ಇಂತಹ ಕುಗ್ಗಿದ ಸ್ಥಿತಿಯಲ್ಲೇ ಟಿಪ್ಪು ತನ್ನ ಅತ್ಯಂತ ವಿಸ್ತಾರವಾದ ನೌಕಾಯೋಜನೆಯನ್ನು ರೂಪಿಸಿದನು. ಮೊದಲು ವ್ಯಾಪಾರವನ್ನು ಮಲಿಕ್-ಉತ್-ತುಜ್ಜಾರ್ ಎಂಬ ಅಧಿಕಾರಿಗಳ ಮಂಡಳಿಗೆ ಒಪ್ಪಿಸಿ ನಿಬಂಧನೆಗಳನ್ನು ರಚಿಸಿದನು. 1796ರಲ್ಲಿ ನೌಕಾ ಇಲಾಖೆಯನ್ನು ಕುರಿತ ಹುಕುಂನಾಮೆ ಹೊರಟಿತು. ಇದರ ಇಂಗ್ಲಿಷ್ ಅನುವಾದವನ್ನು ಕಿರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಸಂಗ್ರಹದ ಅನುಬಂಧದಲ್ಲಿ ಕಾಣಬಹುದು. ಅದರ ಪ್ರಕಾರ 20 ದೊಡ್ಡ ಯುದ್ಧನೌಕೆಗಳೂ 20 ಫ್ರಿಗೇಟುಗಳೂ ಸಿದ್ಧವಾಗಬೇಕಾಗಿತ್ತು. ದೊಡ್ಡ ನೌಕೆಗಳಲ್ಲಿ 72 ಮತ್ತು 62 ತೋಪುಗಳು, ಫ್ರಿಗೇಟುಗಳಲ್ಲಿ 46 ತೋಪುಗಳು. ಇಲಾಖೆಯ ಮೇಲೆ ಮೀರ್ ಯಮ್ ಎಂಬ ಹನ್ನೊಂದು ಮಂದಿ ಹಿರಿಯ ಅಧಿಕಾರಿಗಳು. ಅವರ ಕೆಳಗೆ ಮೀರ್ ಬಹರ್ ಎಂಬ ಮೂವತ್ತು ಮಂದಿ ನೌಕಾನಾಯಕರು. ಹಡಗುಗಳನ್ನು ಮೂರು ಕಚೇರಿಗಳಿಗೆ ಹಂಚಲಾಗಿತ್ತು. ನಿರ್ಮಾಣದ ನೆಲೆಗಳು ಮಂಗಳೂರು, ಮಿರ್ಜಾನಿನ ಸಮೀಪ ಮತ್ತು ಕಾಳಿ ನದಿಯ ಮುಖದ ಸದಾಶಿವಗಡ. ಘಟ್ಟದ ಕಾಡಿನ ಮರವನ್ನು ಕಡಿದು ಹೊಳೆಗಳಲ್ಲಿ ತೇಲಿಸಿ ಕೆಳಗೆ ತರಿಸುವ ಏರ್ಪಾಡು ಆಗಬೇಕಾಗಿತ್ತು. ಅಧಿಕಾರಿಗಳ ಶ್ರೇಣಿ, ಸಂಬಳ, ಕರ್ತವ್ಯಗಳೆಲ್ಲ ಆಜ್ಞೆಯಲ್ಲಿ ನಿರ್ದಿಷ್ಟವಾಗಿವೆ.

ಈ ಯೋಜನೆಯ ಗಾತ್ರವನ್ನು ಅಳೆಯಲು ಒಂದು ಹೋಲಿಕೆ ಸಹಾಯಕ. ಎರಡು ವರ್ಷಗಳ ಅನಂತರ, 1798ರ ಆಗಸ್ಟಿನಲ್ಲಿ, ನೈಲ್ ನದಿಯ ಮುಖದಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ನಾಶಮಾಡಿದಾಗ ಅವನ ಬಳಿ ಇದ್ದದ್ದು 74 ತೋಪುಗಳ 13 ಹಡಗುಗಳು ಮತ್ತು 50 ತೋಪುಗಳ ಒಂದು ಹಡಗು. ಅಂದರೆ ಟಿಪ್ಪು ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾದರಿ ಕರಾವಳಿಯ ಕಳ್ಳಸಾಗಣೆ ತಡೆಯುವ ದೋಣಿಗಳದ್ದಲ್ಲ, ಅಂದಿನ ಜಗತ್ತಿನ ಅಗ್ರ ನೌಕಾಶಕ್ತಿಗಳದ್ದು. ಆದರೆ ಅದೇ ಹೋಲಿಕೆ ಯೋಜನೆಯ ಮುಖ್ಯ ಕೊರತೆಯನ್ನೂ ಬಯಲಿಗೆ ತರುತ್ತದೆ. 74 ತೋಪುಗಳ ಬ್ರಿಟಿಷ್ ಹಡಗಿಗೆ ಸುಮಾರು ಆರುನೂರು ಜನ ಬೇಕಾಗುತ್ತಿದ್ದರು. ಆ ಲೆಕ್ಕದಲ್ಲಿ ಟಿಪ್ಪುವಿನ 20 ದೊಡ್ಡ ನೌಕೆಗಳಿಗೇ ಹನ್ನೆರಡು ಸಾವಿರದಷ್ಟು ಜನ ಬೇಕು. ಇಡೀ ನಲವತ್ತು ಹಡಗುಗಳಿಗೆ ಆಜ್ಞೆಯಲ್ಲಿ ಗೊತ್ತುಪಡಿಸಿದ ಸಿಬ್ಬಂದಿ ಹತ್ತು ಸಾವಿರದ ಆಸುಪಾಸಿನದು. ತೋಪುಗಳ ಲೆಕ್ಕವನ್ನು ಯೂರೋಪಿನ ಅಳತೆಯಲ್ಲಿ ಹಾಕಲಾಯಿತು. ಆ ತೋಪುಗಳನ್ನು ಅಲೆಯ ಮೇಲೆ ನಡೆಸುವ ಮನುಷ್ಯರ ಲೆಕ್ಕ ಆ ಅಳತೆಗೆ ಬರಲಿಲ್ಲ.

6. ಕೊನೆಯ ಮೂರು ವರ್ಷ

ಮರ ಕಡಿಯುವುದು, ಒಣಗಿಸುವುದು, ಹಲಗೆ ಕೊಯ್ಯುವುದು, ಹಡಗಿನ ಒಡಲು ಕಟ್ಟುವುದು, ಹಾಯಿ ಹಗ್ಗ ಹೊಂದಿಸುವುದು, ನಾವಿಕರನ್ನು ಪಳಗಿಸುವುದು ಇವೆಲ್ಲ ವರ್ಷಗಟ್ಟಲೆ ಹಿಡಿಯುವ ಕೆಲಸಗಳು. ಟಿಪ್ಪುವಿಗೆ ಉಳಿದಿದ್ದದ್ದು ಮೂರೇ ವರ್ಷ. 1797ರ ಆರಂಭದಲ್ಲಿ ರಿಪೋ ಎಂಬ ಫ್ರೆಂಚ್ ಖಾಸಗಿ ದಾಳಿಕಾರನ ಹಡಗು ಮಂಗಳೂರಿಗೆ ಬಂದಿತು. ಫ್ರೆಂಚ್ ನೆರವಿನ ಬಗ್ಗೆ ಅವನಾಡಿದ ದೊಡ್ಡ ಮಾತುಗಳನ್ನು ನಂಬಿ ಟಿಪ್ಪು ಮಾರಿಷಸ್ಸಿಗೆ ದೂತರನ್ನು ಕಳುಹಿಸಿದನು. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಬಹಿರಂಗ ಪ್ರಕಟಣೆ ಹೊರಡಿಸಿ ಗುಟ್ಟನ್ನು ಜಗಜ್ಜಾಹೀರು ಮಾಡಿದನು. ಏಪ್ರಿಲಿನಲ್ಲಿ ಫ್ರೆಂಚ್ ಫ್ರಿಗೇಟೊಂದು ಮಂಗಳೂರಿನಲ್ಲಿ ಇಳಿಸಿದ ಸ್ವಯಂಸೇವಕರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಆ ಪ್ರಕಟಣೆಯೇ ವೆಲ್ಲೆಸ್ಲಿಗೆ ಯುದ್ಧದ ಕಾರಣವಾಗಿ ಒದಗಿತು. ಆಗಸ್ಟಿನ ನೈಲ್ ಕದನದ ನಂತರ ಈಜಿಪ್ಟಿನಲ್ಲಿದ್ದ ಬೋನಪಾರ್ಟನಿಂದ ಭಾರತಕ್ಕೆ ನೆರವು ಬರುವ ದಾರಿಯೂ ಮುಚ್ಚಿತು. ತನ್ನ ಹಡಗುಗಳಿಲ್ಲದ ಅರಸನು ಪರರ ಹಡಗುಗಳಿಗಾಗಿ ಕಾದು, ಆ ಕಾಯುವಿಕೆಯಿಂದಲೇ ಅಪಾಯವನ್ನು ತಂದುಕೊಂಡನು.

1799ರಲ್ಲಿ ಜನರಲ್ ಹ್ಯಾರಿಸ್ ಪೂರ್ವದಿಂದ ಬಂದನು. ಮುಂಬಯಿಯ ಸೈನ್ಯ ಹಿಂದಿನಂತೆಯೇ ಕಡಲ ಮಾರ್ಗವಾಗಿ ಕಣ್ಣಾನೂರಿಗೆ ಬಂದು, ಕೊಡಗಿನ ಮೂಲಕ ಘಟ್ಟ ಹತ್ತಿತು. ಮಾರ್ಚ್ 6ರಂದು ಸಿದ್ದೇಶ್ವರದಲ್ಲಿ ಟಿಪ್ಪು ಅದನ್ನು ತಡೆಯಲು ಯತ್ನಿಸಿ ಹಿಂದಿರುಗಬೇಕಾಯಿತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಮತ್ತೊಂದು ಸೋಲಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಯೋಜಿಸಿದ ನಲವತ್ತು ಯುದ್ಧನೌಕೆಗಳಲ್ಲಿ ಒಂದೂ ಆ ಯುದ್ಧದಲ್ಲಿ ಪಾಲ್ಗೊಳ್ಳಲಿಲ್ಲ. ಕೆನರಾದ ಇಡೀ ಕರಾವಳಿ ಕಂಪನಿಗೆ ಸೇರಿ, ಮೈಸೂರು ಮತ್ತೆ ಕಡಲಿಲ್ಲದ ಸಂಸ್ಥಾನವಾಯಿತು.

7. ಮೌಲ್ಯಮಾಪನ

ಟಿಪ್ಪುವಿನ ನೌಕಾಯತ್ನವನ್ನು ಕುರಿತು ಎರಡು ಬಗೆಯ ನಿಲುವುಗಳು ಪ್ರಚಲಿತವಾಗಿವೆ. ಒಂದು, ಅವನನ್ನು ಕಾಲಕ್ಕಿಂತ ಮುಂದಿದ್ದ ದ್ರಷ್ಟಾರನೆಂದು ಕೊಂಡಾಡುವುದು. ಇನ್ನೊಂದು, 1796ರ ಆಜ್ಞೆಯನ್ನು ಕಾಗದದ ಮೇಲಿನ ಹುಚ್ಚು ಕನಸೆಂದು ತಳ್ಳಿಹಾಕುವುದು. ಮೇಲಿನ ವಿವರಗಳನ್ನು ಒಟ್ಟಾಗಿ ನೋಡಿದರೆ ಎರಡೂ ಅಪೂರ್ಣವೆನಿಸುತ್ತವೆ. 1768ರ ಮಂಗಳೂರು, 1780ರ ಹ್ಯೂಸನ ದಾಳಿ, 1782ರ ಕಡಲೂರು, 1783ರ ಮುತ್ತಿಗೆ, 1790ರ ಕಣ್ಣಾನೂರು ಈ ಐದು ಅನುಭವಗಳ ತಾರ್ಕಿಕ ಫಲವೇ 1796ರ ಆಜ್ಞೆ. ಅದನ್ನು ಕನಸೆನ್ನುವುದಕ್ಕಿಂತ ಮೂವತ್ತು ವರ್ಷಗಳ ಯುದ್ಧದಿಂದ ಕಲಿತ ಪಾಠವೆನ್ನುವುದು ಸರಿ.

ಆದರೆ ಪಾಠದ ಒಂದು ಭಾಗ ಮಾತ್ರ ಅರಸನ ಗಮನಕ್ಕೆ ಬಂದಿತು. 1768ರಲ್ಲಿ ಹೈದರನ ಹಡಗುಗಳನ್ನು ಕಳೆದದ್ದು ತೋಪುಗಳ ಕೊರತೆಯಲ್ಲ, ಕಪ್ತಾನರ ಅಸಮಾಧಾನ. ಹಡಗು ನಡೆಸುವವರ ಮನಸ್ಸನ್ನು ಗೆಲ್ಲದೆ ಹಡಗು ತನ್ನದಾಗದು ಎಂಬುದು ಆ ಘಟನೆಯ ಸಾರ. ಕೆನರಾದ ದಂಡೆಯಲ್ಲಿ ಮೊಗವೀರರು, ಖಾರ್ವಿಗಳು, ನವಾಯತರು, ಕ್ರೈಸ್ತರು, ಕೊಂಕಣಿ ವರ್ತಕರು ತಲೆಮಾರುಗಳಿಂದ ಕಡಲನ್ನೂ ಕಡಲ ವ್ಯಾಪಾರವನ್ನೂ ಬಲ್ಲವರಾಗಿದ್ದರು. ಸರ್ಕಾರಿ ಏಕಸ್ವಾಮ್ಯ ಮೆಣಸು ಮತ್ತು ಗಂಧವನ್ನು ವರ್ತಕರ ಕೈಯಿಂದ ತೆಗೆದುಕೊಂಡಿತು. ಕೋಟೆ ಮತ್ತು ಪಟ್ಟಣಗಳ ನಾಶ ಬಂದರುಗಳ ಬದುಕನ್ನು ಕುಗ್ಗಿಸಿತು. ಸೆರೆಯ ಕ್ರಮ ಒಂದು ಸಮುದಾಯವನ್ನೇ ದಂಡೆಯಿಂದ ಕಿತ್ತು ಒಯ್ದಿತು. ಹೀಗೆ ಖಾಲಿಯಾದ ದಂಡೆಗೆ ಹನ್ನೆರಡು ವರ್ಷಗಳ ನಂತರ ನಲವತ್ತು ಹಡಗುಗಳ ಆಜ್ಞೆ ಬಂದಿತು. ಬ್ರಿಟಿಷರ ನೌಕಾಬಲದ ಹಿಂದೆ ವರ್ತಕರು, ಸಾಲ ಕೊಡುವವರು, ನಾವಿಕರು ಮತ್ತು ಸರ್ಕಾರ ಪರಸ್ಪರ ಹಿತದಿಂದ ಹೆಣೆದುಕೊಂಡ ವ್ಯವಸ್ಥೆಯಿತ್ತು. ಮೈಸೂರಿನಲ್ಲಿ ಅರಸನ ಸಂಕಲ್ಪವೊಂದೇ ಇತ್ತು. ಸಮಯವಿದ್ದಿದ್ದರೆ ಹಡಗುಗಳಾದರೂ ನೀರಿಗಿಳಿಯುತ್ತಿದ್ದವೇನೋ; ದಂಡೆಯ ಜನರ ವಿಶ್ವಾಸವನ್ನು ಆಜ್ಞೆಯಿಂದ ಕಟ್ಟಿಸಲಾಗುತ್ತಿರಲಿಲ್ಲ.

ಈ ವಿಷಯದಲ್ಲಿ ಕನ್ನಡ ಸಂಶೋಧನೆಗೆ ವಿಶೇಷ ಹೊಣೆಯಿದೆ. ಟಿಪ್ಪುವಿನ ನೌಕಾವಿಚಾರವನ್ನು ನಾವು ಇದುವರೆಗೆ ಬಹುಮಟ್ಟಿಗೆ ಫಾರಸಿ ಆಜ್ಞೆಗಳಿಂದಲೂ ಇಂಗ್ಲಿಷ್ ವರದಿಗಳಿಂದಲೂ ತಿಳಿದಿದ್ದೇವೆ. ಎರಡೂ ಅಧಿಕಾರದ ಕಡೆಯಿಂದ ಬಂದ ಬರಹಗಳು. ಮರ ಕಡಿದವರು, ಹೊಳೆಯಲ್ಲಿ ತೇಲಿಸಿದವರು, ಹಲಗೆ ಕೊಯ್ದವರು, ಹಡಗು ಬಿಟ್ಟು ಓಡಿದವರು ಅವುಗಳಲ್ಲಿ ಹೆಸರಿಲ್ಲದೆ ಉಳಿದಿದ್ದಾರೆ. ಕರಾವಳಿಯ ಕಡತಗಳು, ದೇವಾಲಯ, ಮಸೀದಿ ಮತ್ತು ಇಗರ್ಜಿಗಳ ದಾಖಲೆಗಳು, ತುಳು, ಕೊಂಕಣಿ, ಬ್ಯಾರಿ ಹಾಗೂ ನವಾಯತಿ ಭಾಷೆಗಳ ಮೌಖಿಕ ಪರಂಪರೆ ಇವುಗಳನ್ನು ಈ ದೃಷ್ಟಿಯಿಂದ ಶೋಧಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾದೀತು. ಟಿಪ್ಪು ಹಡಗುಕಟ್ಟೆಗೆ ಆರಿಸಿದ್ದ ಸದಾಶಿವಗಡಕ್ಕೆ ಅನತಿದೂರದಲ್ಲಿ, ಕಾರವಾರದ ದಂಡೆಯಲ್ಲಿ, 2005ರಲ್ಲಿ ಭಾರತೀಯ ನೌಕಾಪಡೆಯ ಕದಂಬ ನೆಲೆ ಕಾರ್ಯಾರಂಭ ಮಾಡಿತು. ಆ ತೀರದ ಆಯ್ಕೆಯಲ್ಲಿ ಅರಸನ ಕಣ್ಣು ತಪ್ಪಿರಲಿಲ್ಲ. ಅಲ್ಲಿನ ಜನರೊಡನೆ ಅವನ ಆಡಳಿತ ಬೆಳೆಸಿದ ಸಂಬಂಧವೆಂತಹದು, ಅದು ಅವನ ಯುದ್ಧಗಳನ್ನು ಹೇಗೆ ಪ್ರಭಾವಿಸಿತು ಎಂಬ ಪ್ರಶ್ನೆಯನ್ನು ಮುಂದಿನ ಅಧ್ಯಯನಗಳು ಕೈಗೆತ್ತಿಕೊಳ್ಳಬೇಕಾಗಿದೆ.